ಬಾಗಿಲು ತೆರೆದವರು ಯಾರು? 1922ರಿಂದ 1939ರವರೆಗಿನ ದಾರಿ

ಹೊಳೆದಂಡೆ ಮೇಷ್ಟ್ರು

ಹಿಟ್ಲರ್ ವಿಚಾರ ಬಂದಾಗಲೆಲ್ಲ ಒಂದು ಮಾತು ಕೇಳುತ್ತೇನೆ. 'ಜರ್ಮನಿಯ ಜನ ಓಟು ಹಾಕಿ ಗೆಲ್ಲಿಸಿದರು, ಅದಕ್ಕೇ ಯುದ್ಧ ಆಯಿತು.' ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಇತಿಹಾಸ ಹೇಳಿಕೊಟ್ಟಿದ್ದೇನೆ. ಮೊದಮೊದಲು ನಾನೂ ಹೀಗೇ ಪಾಠ ಮಾಡುತ್ತಿದ್ದೆ. ಓದುತ್ತಾ ಹೋದ ಹಾಗೆ ಇದು ಅರ್ಧ ಮಾತ್ರ ನಿಜ ಅಂತ ತಿಳಿಯಿತು. ಉಳಿದರ್ಧ ಇಲ್ಲಿ ಬರೆಯಬೇಕು ಅನ್ನಿಸಿತು.

ಲೆಕ್ಕ ನೋಡಿ. 1928ರ ಮೇ ಚುನಾವಣೆಯಲ್ಲಿ ಹಿಟ್ಲರನ ನಾಜಿ ಪಕ್ಷಕ್ಕೆ ಬಂದಿದ್ದು ಶೇ. 2.6 ಓಟು, 12 ಸೀಟು. 1930ರ ಸೆಪ್ಟೆಂಬರಿನಲ್ಲಿ 107 ಸೀಟು. 1932ರ ಜುಲೈನಲ್ಲಿ ಶೇ. 37.3 ಓಟು, 230 ಸೀಟು. ಆಗಲೂ ಬಹುಮತ ಇಲ್ಲ. ಅದೇ ವರ್ಷ ನವೆಂಬರಿನಲ್ಲಿ ಮತ್ತೆ ಚುನಾವಣೆ ಬಂತು. ಸುಮಾರು 20 ಲಕ್ಷ ಓಟು ಕೈಬಿಟ್ಟು ಹೋಯಿತು, ಸೀಟು 196ಕ್ಕೆ ಇಳಿಯಿತು. ಪಕ್ಷದ ಖಜಾನೆ ಖಾಲಿಯಾಗಿತ್ತು. ಇದಾಗಿ ಮೂರು ತಿಂಗಳು ತುಂಬುವುದರೊಳಗೆ, 1933ರ ಜನವರಿ 30ಕ್ಕೆ, ಹಿಟ್ಲರ್ ಚಾನ್ಸೆಲರ್ ಆದ, ಅಂದರೆ ಸರ್ಕಾರದ ಮುಖ್ಯಸ್ಥ. ಇಳಿಯುತ್ತಿದ್ದವನನ್ನು ಕರೆದು ಕೂರಿಸಿದರು!

ಕರೆದಿದ್ದು ಯಾರು? 85 ವರ್ಷದ ಅಧ್ಯಕ್ಷ ಹಿಂಡನ್‌ಬುರ್ಗ್. ಅವರ ಕಿವಿಯಲ್ಲಿ ಊದಿದ್ದು ಹಳೆಯ ಚಾನ್ಸೆಲರ್ ಫ್ರಾಂಟ್ಸ್ ಫಾನ್ ಪಾಪೆನ್. ಪಾಪೆನ್‌ಗೆ ಆಗಿನ ಚಾನ್ಸೆಲರ್ ಶ್ಲೈಶರ್ ಮೇಲೆ ಸೇಡಿತ್ತು. ತಾನು ಉಪ ಚಾನ್ಸೆಲರ್ ಆಗಿ ಪಕ್ಕದಲ್ಲೇ ಕೂರುತ್ತೇನೆ, ಮಂತ್ರಿಮಂಡಲದಲ್ಲಿ ಹಿಟ್ಲರನನ್ನೂ ಸೇರಿಸಿ ನಾಜಿಗಳು ಮೂರೇ ಜನ, ಮಿಕ್ಕವರೆಲ್ಲ ನಮ್ಮವರು, ಇವನನ್ನು ಅಂಕೆಯಲ್ಲಿ ಇಟ್ಟುಕೊಳ್ಳಬಹುದು ಅಂತ ಅವರ ಲೆಕ್ಕ. ಎರಡೇ ತಿಂಗಳಲ್ಲಿ ಮೂಲೆಗೆ ಒತ್ತಿಬಿಡುತ್ತೇವೆ ಅಂತ ಸ್ನೇಹಿತರ ಹತ್ತಿರ ಹೇಳಿಕೊಂಡಿದ್ದರಂತೆ. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗಾಯಿತು.

ಇಟಲಿಯಲ್ಲೂ ಹೀಗೇ. 1922ರ ಅಕ್ಟೋಬರ್ ಕೊನೆಯಲ್ಲಿ ಮುಸೊಲಿನಿಯ ಫ್ಯಾಸಿಸ್ಟ್ ಪಡೆಯ ಕಪ್ಪಂಗಿಯವರು ರೋಮ್ ಕಡೆ ಹೊರಟರು. ಸೈನ್ಯ ಇಳಿಸುವ ಆದೇಶವನ್ನು ಪ್ರಧಾನಿ ಫಾಕ್ಟಾ ಸಿದ್ಧ ಮಾಡಿ ತಂದರು. ರಾಜ ಮೂರನೇ ವಿಕ್ಟರ್ ಇಮ್ಯಾನ್ಯುಯೆಲ್ ಸಹಿ ಹಾಕಲಿಲ್ಲ. ಮುಸೊಲಿನಿ ಮಿಲಾನಿನಲ್ಲಿ ಕೂತು ಕಾಯುತ್ತಿದ್ದ. ಕರೆ ಬಂದ ಮೇಲೆ ರಾತ್ರಿ ರೈಲು ಹತ್ತಿ ಬಂದು ಪ್ರಧಾನಿ ಆದ.

ಸಹಿ ಹಾಕುವ ಪೆನ್ನು ಕೈಯಲ್ಲಿದ್ದವರ ಕಥೆ ನಮ್ಮ ಪಾಠಗಳಲ್ಲಿ ಯಾಕೆ ಇಷ್ಟು ಕಡಿಮೆ? ಇದನ್ನೇ ಎಲ್ಲರೂ ಸೇರಿ ಮಾತಾಡೋಣ ಅಂತ ಶುರು ಮಾಡಿದ್ದೇನೆ.

ಕುತೂಹಲಿ

ಸಾರ್, ನಾನು ಈಗ ಡಿಗ್ರಿ ಓದುತ್ತಿದ್ದೇನೆ. ನಮಗೆ ಹೇಳಿಕೊಟ್ಟಿದ್ದು, ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಸಹಿ ಹಾಕಿದ 1919ರ ವರ್ಸೇಲ್ಸ್ ಒಪ್ಪಂದ ಮುಖ್ಯ ಕಾರಣ ಅಂತ. ಜರ್ಮನಿ ಮೇಲೆ 13,200 ಕೋಟಿ ಚಿನ್ನದ ಮಾರ್ಕ್ ಪರಿಹಾರ ಹೇರಿದರು. ಬ್ರೆಡ್ ಕೊಳ್ಳಲು ಚೀಲದಲ್ಲಿ ನೋಟು ಹೊತ್ತುಕೊಂಡು ಹೋಗುತ್ತಿದ್ದರು. ಆ ಸಿಟ್ಟಿನಿಂದಲೇ ಜನ ಹಿಟ್ಲರ್ ಹಿಂದೆ ಹೋದರು. ಇದು ತಪ್ಪಾ?

ಹೊಳೆದಂಡೆ ಮೇಷ್ಟ್ರು

ತಪ್ಪಲ್ಲ ಮರಿ, ಆದರೆ ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡು. ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿದ್ದು 1923ರ ನವೆಂಬರಿನಲ್ಲಿ. ಹಿಟ್ಲರ್ ಮ್ಯೂನಿಕ್‌ನಲ್ಲಿ ದಂಗೆ ಎದ್ದಿದ್ದೂ ಅದೇ ತಿಂಗಳು. ಮಾರನೇ ದಿನವೇ ಅದು ಮುಗಿದುಹೋಯಿತು. ಆಮೇಲೆ ಹೊಸ ನಾಣ್ಯ ಬಂತು, ಬೆಲೆ ನಿಂತಿತು, ಐದು ವರ್ಷ ದೇಶ ಸುಧಾರಿಸಿಕೊಂಡಿತು. ಒಪ್ಪಂದ ಆಗಿ ಒಂಬತ್ತು ವರ್ಷ ಕಳೆದ ಮೇಲೂ, 1928ರಲ್ಲಿ, ನಾಜಿಗಳಿಗೆ ಬಿದ್ದಿದ್ದು ನೂರಕ್ಕೆ ಮೂರು ಓಟೂ ಇಲ್ಲ.

ನೋಟಿನ ಚೀಲದ ಚಿತ್ರ ಎಲ್ಲರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದರೆ ನಾಜಿ ಪಕ್ಷ ಬೆಳೆದ ಕಾಲದ ಕಷ್ಟ ಬೇರೆ. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಅಲ್ಲಿಂದ ಬರುತ್ತಿದ್ದ ಸಾಲ ನಿಂತಿತು. 1930ರಲ್ಲಿ ಬಂದ ಚಾನ್ಸೆಲರ್ ಬ್ರೂನಿಂಗ್ ಸಂಬಳ ಕಡಿತ ಮಾಡಿದರು, ನಿರುದ್ಯೋಗ ಭತ್ಯೆ ಕಡಿತ ಮಾಡಿದರು, ತೆರಿಗೆ ಏರಿಸಿದರು. 1932ರ ಆರಂಭಕ್ಕೆ 60 ಲಕ್ಷ ಜನಕ್ಕೆ ಕೆಲಸ ಇಲ್ಲ. ಆಗ ಬೆಲೆಗಳು ಇಳಿಯುತ್ತಿದ್ದವು, ಏರುತ್ತಿರಲಿಲ್ಲ. ಇನ್ನು ಪರಿಹಾರದ ಹಣ? 1932ರ ಜುಲೈನಲ್ಲಿ ಲೌಸಾನ್ ಸಭೆಯಲ್ಲಿ ಹೆಚ್ಚೂಕಡಿಮೆ ಮನ್ನಾ ಮಾಡಿದ್ದರು. ಹಿಟ್ಲರ್ ಬರುವ ಹೊತ್ತಿಗೆ ಆ ಹೊರೆ ಇಳಿದಿತ್ತು.

ಇನ್ನೂ ಒಂದಿದೆ. ಬ್ರೂನಿಂಗ್ ಈ ಕಡಿತಗಳನ್ನೆಲ್ಲ ಸಂಸತ್ತಿನ ಬಹುಮತದಿಂದ ಮಾಡಲಿಲ್ಲ. ಸಂವಿಧಾನದ 48ನೇ ವಿಧಿ ಹಿಡಿದುಕೊಂಡು, ಅಧ್ಯಕ್ಷರ ತುರ್ತು ಆದೇಶಗಳಿಂದ ಮಾಡಿದರು. ಹಿಟ್ಲರ್ ಬರುವುದಕ್ಕೆ ಮೊದಲೇ ಸಂಸತ್ತನ್ನು ಪಕ್ಕಕ್ಕೆ ಸರಿಸಿ ಆಳುವುದು ಜರ್ಮನಿಗೆ ರೂಢಿ ಆಗಿತ್ತು.

ಮಂಗಳೂರು ವಕೀಲೆ

48ನೇ ವಿಧಿ ಹೆಸರು ಬಂದಿದ್ದಕ್ಕೆ ಬರೆಯುತ್ತಿದ್ದೇನೆ ಮೇಷ್ಟ್ರೇ. ಕಾನೂನು ಓದಿದವರಿಗೆ ಇದು ಎದೆಗೆ ನಾಟುವ ಭಾಗ.

1933ರ ಫೆಬ್ರವರಿ 27ರ ರಾತ್ರಿ ಸಂಸತ್ ಭವನ ರೈಶ್‌ಸ್ಟಾಗ್‌ಗೆ ಬೆಂಕಿ ಬಿತ್ತು. ಮರುದಿನವೇ 48ನೇ ವಿಧಿಯ ಕೆಳಗೆ ಆದೇಶ ಬಂತು. ಮಾತಾಡುವ ಹಕ್ಕು, ಪತ್ರಿಕೆ, ಸಭೆ, ಅಂಚೆ ಫೋನಿನ ಗುಟ್ಟು, ಎಲ್ಲವೂ ರದ್ದು. ಆ 'ತಾತ್ಕಾಲಿಕ' ಆದೇಶ 1945ರವರೆಗೂ ಉಳಿಯಿತು. ಮಾರ್ಚ್ 22ಕ್ಕೆ, ಎದುರಾಳಿಗಳನ್ನು ಕೂಡಿಹಾಕುವ ಡಖಾವ್ ಶಿಬಿರ ಶುರುವಾಯಿತು. ಮಾರ್ಚ್ 23ಕ್ಕೆ, ಸಂಸತ್ತನ್ನೇ ಕೇಳದೆ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತೇ ಸರ್ಕಾರಕ್ಕೆ ಬರೆದುಕೊಟ್ಟಿತು. 444 ಪರ, 94 ವಿರೋಧ. ಕಮ್ಯುನಿಸ್ಟ್ ಸದಸ್ಯರನ್ನು ಒಳಗೇ ಬಿಡಲಿಲ್ಲ. ಕ್ಯಾಥೊಲಿಕರ ಸೆಂಟರ್ ಪಕ್ಷಕ್ಕೆ ಬರವಣಿಗೆಯಲ್ಲಿ ಭರವಸೆ ಕೊಡುತ್ತೇವೆ ಅಂದಿದ್ದರು. ಅವರು ಓಟು ಹಾಕಿದರು. ಪತ್ರ ಕೊನೆಗೂ ಬರಲಿಲ್ಲ.

ಇದಕ್ಕೂ ನಮಗೂ ಒಂದು ನಂಟಿದೆ. ನಮ್ಮ ಸಂವಿಧಾನ ರಚನಾ ಸಭೆಯಲ್ಲಿ ಎಚ್.ವಿ. ಕಾಮತ್ ಅಂತ ಇದ್ದರು. ಹುಟ್ಟಿದ್ದು ನಮ್ಮ ಮಂಗಳೂರಿನಲ್ಲೇ, 1907ರಲ್ಲಿ. 1949ರ ಆಗಸ್ಟಿನಲ್ಲಿ ತುರ್ತು ಪರಿಸ್ಥಿತಿಯ ವಿಧಿಗಳು ಚರ್ಚೆಗೆ ಬಂದಾಗ ಅವರು ಎದ್ದು ನಿಂತರು. ಪ್ರಜಾಪ್ರಭುತ್ವ ಇರುವ ಬೇರೆ ದೇಶಗಳಲ್ಲಿ ಇಂಥದ್ದು ಕಾಣುವುದಿಲ್ಲ, ಹತ್ತಿರದ ಹೋಲಿಕೆ ಅಂದರೆ (ಆ 48ನೇ ವಿಧಿ ಇದ್ದ) ಜರ್ಮನಿಯ ವೈಮಾರ್ ಸಂವಿಧಾನ, ಅದೇ ವಿಧಿಗಳನ್ನು ಬಳಸಿ ಹಿಟ್ಲರ್ ಆ ಸಂವಿಧಾನವನ್ನೇ ಮುಗಿಸಿದ ಅಂತ ಎಚ್ಚರಿಸಿದರು. ಸಭೆ ಒಪ್ಪಲಿಲ್ಲ. 26 ವರ್ಷ ಆದ ಮೇಲೆ, 1975ರಲ್ಲಿ, 'ಆಂತರಿಕ ಗಲಭೆ' ಅನ್ನುವ ಕಾರಣ ಕೊಟ್ಟು ತುರ್ತು ಪರಿಸ್ಥಿತಿ ಬಂತು. ಬೇಲಿಯೇ ಎದ್ದು ಹೊಲ ಮೇಯ್ದಂತೆ. 1978ರ 44ನೇ ತಿದ್ದುಪಡಿ ಬಂದು ಆ ಎರಡು ಪದ ತೆಗೆದು 'ಸಶಸ್ತ್ರ ಬಂಡಾಯ' ಅಂತ ಸೇರಿಸಿದರು. ಜೀವಿಸುವ ಹಕ್ಕನ್ನು ಯಾವ ತುರ್ತಿನಲ್ಲೂ ಅಮಾನತು ಮಾಡುವಂತಿಲ್ಲ ಅಂತಲೂ ಆಯಿತು. ಕಾಮತ್ ಅವರ ಆ ಭಾಷಣವನ್ನು ಕಾನೂನು ಕಾಲೇಜಿನ ಪ್ರತಿ ವಿದ್ಯಾರ್ಥಿ ಓದಬೇಕು ಅಂತ ನನಗನ್ನಿಸುತ್ತದೆ.

ಬಯಲುಸೀಮೆ

ಎಲ್ಲರೂ ಒಳ್ಳೆಯದು ಬರೆದಿದ್ದೀರಿ. ಆದರೆ ನನಗೊಂದು ತಕರಾರಿದೆ. ಇಲ್ಲಿ ಬ್ರಿಟನ್, ಫ್ರಾನ್ಸ್ ಅಂದರೆ ಪ್ರಜಾಪ್ರಭುತ್ವ, ಅತ್ತ ಜರ್ಮನಿ, ಇಟಲಿ ಅಂದರೆ ಸರ್ವಾಧಿಕಾರ ಅನ್ನೋ ಹಾಗೆ ಚರ್ಚೆ ಹೋಗ್ತಾ ಇದೆ. ನಮ್ಮ ಪಾಲಿಗೆ ಬ್ರಿಟಿಷರು ಏನಾಗಿದ್ದರು? 1939ರ ಸೆಪ್ಟೆಂಬರ್ 3ಕ್ಕೆ ವೈಸ್‌ರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಅಂತ ಘೋಷಿಸಿದರು. ಇಲ್ಲಿನ ಒಬ್ಬ ಚುನಾಯಿತ ನಾಯಕರನ್ನೂ ಕೇಳಲಿಲ್ಲ. ಅದಕ್ಕೇ ಅಲ್ವಾ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟಿದ್ದು? 1943ರಲ್ಲಿ ಬಂಗಾಳದಲ್ಲಿ 30 ಲಕ್ಷದಷ್ಟು ಜನ ಹಸಿವು, ರೋಗದಿಂದ ಸತ್ತರು. ಅವರಿಗೆ ಯಾವ ಪ್ರಜಾಪ್ರಭುತ್ವ ಇತ್ತು?

ಹೊಳೆದಂಡೆ ಮೇಷ್ಟ್ರು

ನಿಮ್ಮ ತಕರಾರನ್ನು ಪೂರ್ತಿ ಒಪ್ಪುತ್ತೇನೆ. ಅದು ಈ ಕಥೆಯ ಒಳಗೇ ಇದೆ. ಸಾಮ್ರಾಜ್ಯ ಇಟ್ಟುಕೊಂಡವರು ಇನ್ನೊಬ್ಬನ ಆಕ್ರಮಣವನ್ನು ಗಟ್ಟಿಯಾಗಿ ಬೇಡ ಅನ್ನಲು ಆಗಲಿಲ್ಲ. ಇಥಿಯೋಪಿಯಾ ನೋಡಿ. ನನ್ನ ಮಟ್ಟಿಗೆ ಮಹಾಯುದ್ಧದ ದಾರಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಅದು. ನಮ್ಮ ಪಠ್ಯಗಳಲ್ಲಿ ಅದಕ್ಕೆ ಎರಡು ಸಾಲು ಸಿಕ್ಕರೆ ಜಾಸ್ತಿ.

1935ರ ಅಕ್ಟೋಬರ್ 3ಕ್ಕೆ ಮುಸೊಲಿನಿಯ ಸೈನ್ಯ ಇಥಿಯೋಪಿಯಾದೊಳಗೆ ನುಗ್ಗಿತು. ಎರಡೂ ದೇಶಗಳು ರಾಷ್ಟ್ರಸಂಘದ, ಅಂದರೆ ಮೊದಲ ಮಹಾಯುದ್ಧದ ನಂತರ ಶಾಂತಿ ಕಾಯಲು ಕಟ್ಟಿದ ದೇಶಗಳ ಒಕ್ಕೂಟದ, ಸದಸ್ಯರು. ಸಂಘ ಇಟಲಿಯೇ ತಪ್ಪಿತಸ್ಥ ಅಂತ ಹೇಳಿ ವ್ಯಾಪಾರ ನಿರ್ಬಂಧ ಹಾಕಿತು. ಆದರೆ ಪಟ್ಟಿಯಲ್ಲಿ ಪೆಟ್ರೋಲ್, ಡೀಸೆಲ್ ಸೇರಿಸಲಿಲ್ಲ! ಎಣ್ಣೆ ಇಲ್ಲದೆ ಲಾರಿ, ಟ್ಯಾಂಕು, ವಿಮಾನ ಒಂದೂ ಓಡುತ್ತಿರಲಿಲ್ಲ. ಸೂಯೆಜ್ ಕಾಲುವೆ ಬ್ರಿಟಿಷರ ಹಿಡಿತದಲ್ಲಿತ್ತು. ಅದನ್ನೂ ಮುಚ್ಚಲಿಲ್ಲ. ಸೈನಿಕರನ್ನು ತುಂಬಿಕೊಂಡ ಇಟಲಿಯ ಹಡಗುಗಳು ಸುಂಕ ಕಟ್ಟಿ ದಾಟಿಕೊಂಡು ಹೋದವು. ಡಿಸೆಂಬರಿನಲ್ಲಿ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಹೋರ್, ಫ್ರಾನ್ಸಿನ ಪ್ರಧಾನಿ ಲಾವಾಲ್ ಗುಟ್ಟಾಗಿ ಕೂತು, ಇಥಿಯೋಪಿಯಾದ ದೊಡ್ಡ ಭಾಗವನ್ನು ಮುಸೊಲಿನಿಗೆ ಬಿಟ್ಟುಕೊಡುವ ಯೋಜನೆ ಮಾಡಿದರು. ಅದು ಪತ್ರಿಕೆಗಳಿಗೆ ಸೋರಿತು. ಜನ ರೊಚ್ಚಿಗೆದ್ದರು. ಹೋರ್ ರಾಜೀನಾಮೆ ಕೊಟ್ಟರು. ಅಂದರೆ ಸಾಮಾನ್ಯ ಜನಕ್ಕೆ ಸರಿ ತಪ್ಪು ಗೊತ್ತಿತ್ತು.

ಇಟಲಿಯ ವಿಮಾನಗಳು ಮೇಲಿನಿಂದ ಸಾಸಿವೆ ಅನಿಲ ಸುರಿದವು. ಚರ್ಮ ಸುಟ್ಟು ಬೊಬ್ಬೆ ಏಳುವ ವಿಷ ಅದು. 1936ರ ಮೇ 5ಕ್ಕೆ ಅಡಿಸ್ ಅಬಾಬಾ ಬಿತ್ತು. ಜೂನ್ 30ಕ್ಕೆ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದಲ್ಲಿ, ಸಂಘದ ಸಭೆಯಲ್ಲಿ ಮಾತಾಡಲು ನಿಂತರು. ಗ್ಯಾಲರಿಯಲ್ಲಿದ್ದ ಇಟಲಿಯ ಪತ್ರಕರ್ತರು ಸೀಟಿ ಹೊಡೆದು ಗಲಾಟೆ ಮಾಡಿದರು. ಅವರನ್ನು ಹೊರಗೆ ಹಾಕುವವರೆಗೂ ಆ ಮನುಷ್ಯ ಸುಮ್ಮನೆ ನಿಂತಿದ್ದರು. ಆಮೇಲೆ ತಮ್ಮ ಅಮ್ಹಾರಿಕ್ ಭಾಷೆಯಲ್ಲಿ, ತಮ್ಮ ಜನರ ಮೇಲೆ ವಿಷ ಹೇಗೆ ಮಳೆಯಂತೆ ಸುರಿಯಿತು ಅಂತ ವಿವರಿಸಿದರು. ಮುಂದಿನ ತಿಂಗಳು ಸಂಘ ಇಟಲಿಯ ಮೇಲಿನ ನಿರ್ಬಂಧವನ್ನು ತೆಗೆದುಹಾಕಿತು. ಈ ಭಾಗ ಹೇಳುವಾಗ ಕ್ಲಾಸಿನಲ್ಲಿ ನನಗೆ ಗಂಟಲು ಕಟ್ಟುತ್ತಿತ್ತು.

ಆ ನಡುವೆ ಏನಾಯಿತು ಗೊತ್ತಾ? ಎಲ್ಲರ ಕಣ್ಣು ಇಥಿಯೋಪಿಯಾ ಮೇಲಿದ್ದಾಗ, 1936ರ ಮಾರ್ಚ್ 7ಕ್ಕೆ, ಹಿಟ್ಲರ್ ರೈನ್ ನದಿಯ ಆಚೆ ಸೈನ್ಯ ಕಳಿಸಿದ. ಅದು ಜರ್ಮನಿಯದೇ ನೆಲ, ಆದರೆ ವರ್ಸೇಲ್ಸ್ ಒಪ್ಪಂದದ ಪ್ರಕಾರ ಅಲ್ಲಿ ಸೈನ್ಯ ಇರುವಂತಿರಲಿಲ್ಲ. ಫ್ರಾನ್ಸ್ ಕದಲಲಿಲ್ಲ. ಆ ವರ್ಷವೇ ರೋಮ್ ಬರ್ಲಿನ್ ಗೆಳೆತನ ಗಟ್ಟಿಯಾಯಿತು. ಅಲ್ಲಿಯವರೆಗೆ ಇಬ್ಬರ ನಡುವೆ ಆಸ್ಟ್ರಿಯಾ ವಿಷಯದಲ್ಲಿ ಜಗಳ ಇತ್ತು.

ಶಿಡ್ಲಘಟ್ಟದ ನೂಲು

ಮೇಷ್ಟ್ರೇ, ಇಥಿಯೋಪಿಯಾಗಿಂತ ಮೊದಲು ಜಪಾನ್ ಹಿಡಿದ ಚೀನಾದ ಮಂಚೂರಿಯಾ ಅಲ್ವಾ? ನಮ್ಮದು ರೇಷ್ಮೆ ಮನೆತನ. ಜಪಾನಿನ ಕಥೆ ಅಂದರೆ ನಮ್ಮ ಮನೆಯಲ್ಲಿ ಗೂಡಿನ ಬೆಲೆಯ ಕಥೆ.

ಜಪಾನಿನ ಹಳ್ಳಿಗಳೂ ರೇಷ್ಮೆ ನಂಬಿಕೊಂಡಿದ್ದವು. ಆ ರೇಷ್ಮೆಯ ದೊಡ್ಡ ಗಿರಾಕಿ ಅಮೆರಿಕ. 1929ರ ನಂತರ ಅಲ್ಲಿ ಕೊಳ್ಳುವವರಿಲ್ಲ, ಬೆಲೆ ನೆಲ ಕಚ್ಚಿತು. ಈಶಾನ್ಯದ ಹಳ್ಳಿಗಳಲ್ಲಿ ಬೆಳೆಯೂ ಕೈಕೊಟ್ಟಿತು. ಸಾಲ ತೀರಿಸಲು ಹೆಣ್ಣುಮಕ್ಕಳನ್ನು ಮಾರಿದ ಮನೆಗಳಿದ್ದವು. ಸೈನ್ಯದ ಕಿರಿಯ ಅಧಿಕಾರಿಗಳು ತಮ್ಮ ಕೈಕೆಳಗಿನ ಹಳ್ಳಿ ಹುಡುಗರ ಬಾಯಲ್ಲಿ ಈ ಕಥೆಗಳನ್ನು ಕೇಳುತ್ತಿದ್ದರು. ರಾಜಕಾರಣಿಗಳು, ದೊಡ್ಡ ಕಂಪನಿಗಳೇ ಇದಕ್ಕೆ ಕಾರಣ ಅಂತ ಅವರಿಗೆ ಸಿಟ್ಟು. ಅದೇ ಹೊತ್ತಿಗೆ ಜಪಾನಿನ ಅಗ್ಗದ ರೇಷ್ಮೆ ಭಾರತಕ್ಕೂ ಬಂದು ಬಿತ್ತು. ಮೈಸೂರು ಸೀಮೆಯಲ್ಲಿ ಹಿಪ್ಪುನೇರಳೆ ಕಿತ್ತು ರಾಗಿ ಹಾಕಿದವರಿದ್ದರು ಅಂತ ನಮ್ಮ ತಾತ ಹೇಳೋರು. ಅದನ್ನು ತಡೆಯಲು 1934ರಲ್ಲಿ ಆಮದು ಸುಂಕ ಹಾಕಬೇಕಾಯಿತು.

1931ರ ಸೆಪ್ಟೆಂಬರ್ 18ರ ರಾತ್ರಿ ಮಂಚೂರಿಯಾದ ಮುಕ್ಡೆನ್ ನಗರದ ಹತ್ತಿರ ಜಪಾನಿ ಅಧಿಕಾರಿಗಳೇ ತಮ್ಮ ರೈಲುಹಳಿಗೆ ಸಣ್ಣ ಬಾಂಬ್ ಇಟ್ಟರು. ಚೀನೀಯರು ಮಾಡಿದ್ದು ಅಂದರು. ಟೋಕಿಯೋದ ಸರ್ಕಾರದ ಅಪ್ಪಣೆ ಇರಲಿಲ್ಲ. ಆದರೂ ಮಂಚೂರಿಯಾ ಪೂರ್ತಿ ಹಿಡಿದರು. 1932ರ ಮೇ 15ಕ್ಕೆ ನೌಕಾಪಡೆಯ ಹುಡುಗರು ಪ್ರಧಾನಿ ಇನುಕಾಯ್ ಅವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಕೊಂದವರ ಪರವಾಗಿ ಲಕ್ಷಗಟ್ಟಲೆ ಜನ ಸಹಿ ಹಾಕಿ ಮನವಿ ಕಳಿಸಿದರು. ಒಬ್ಬನಿಗೂ ಮರಣದಂಡನೆ ಆಗಲಿಲ್ಲ. ಆಮೇಲೆ ಯಾವ ಮಂತ್ರಿ ಸೈನ್ಯಕ್ಕೆ ಎದುರಾಡುತ್ತಾನೆ ಹೇಳಿ?

ರಾಷ್ಟ್ರಸಂಘ ತನಿಖೆಗೆ ಕಳಿಸಿದ್ದು ಲಾರ್ಡ್ ಲಿಟ್ಟನ್ ಅವರನ್ನು. ಬಂಗಾಳದ ಗವರ್ನರ್ ಆಗಿದ್ದವರು. ಅವರ ವರದಿಯ ಮೇಲೆ 1933ರ ಫೆಬ್ರವರಿಯಲ್ಲಿ ಮತ ಹಾಕಿದಾಗ 42 ದೇಶ ಒಂದು ಕಡೆ, ಜಪಾನ್ ಒಂದೇ ಇನ್ನೊಂದು ಕಡೆ. ಜಪಾನಿನ ಪ್ರತಿನಿಧಿ ಎದ್ದು ಹೊರಟುಹೋದರು. ಅಷ್ಟೇ. ಮುಂದೆ ಏನೂ ಆಗಲಿಲ್ಲ. ಮುಸೊಲಿನಿ ಅದನ್ನು ನೋಡುತ್ತಾ ಕೂತಿದ್ದ ಅಂತ ನನ್ನ ಎಣಿಕೆ.

ಕುತೂಹಲಿ

ಇದು ಗೊತ್ತೇ ಇರಲಿಲ್ಲ ಅಣ್ಣಾ, ಥ್ಯಾಂಕ್ಸ್. ಇನ್ನೊಂದು ಕೇಳಲಾ? ನಮ್ಮ ಹಾಸ್ಟೆಲಿನಲ್ಲಿ ಕೆಲವರು ಹೇಳ್ತಾರೆ, ಏನೇ ಆದರೂ ಹಿಟ್ಲರ್ ಹೆದ್ದಾರಿ ಕಟ್ಟಿಸಿದ, ಎಲ್ಲರಿಗೂ ಕೆಲಸ ಕೊಟ್ಟ, ನಮಗೂ ಅಂಥವನೊಬ್ಬ ಬೇಕು ಅಂತ. ಏನು ಉತ್ತರ ಕೊಡಬೇಕು ಗೊತ್ತಾಗಲ್ಲ.

ಬರ್ಲಿನ್‌ನಲ್ಲೊಬ್ಬ

ಇದಕ್ಕೆ ನಾನು ಹೇಳುತ್ತೇನೆ. ಹನ್ನೊಂದು ವರ್ಷದಿಂದ ಇಲ್ಲಿ ಕೆಲಸದಲ್ಲಿದ್ದೇನೆ. ಕಲೋನ್ ಮತ್ತು ಬಾನ್ ನಡುವಿನ ಆಟೋಬಾನ್ (ಹೆದ್ದಾರಿ) ಉದ್ಘಾಟನೆ ಆಗಿದ್ದು 1932ರ ಆಗಸ್ಟಿನಲ್ಲಿ. ಮಾಡಿದ್ದು ಕಲೋನ್ ಮೇಯರ್ ಕಾನ್ರಾಡ್ ಅಡೆನವರ್. ಹಿಟ್ಲರ್ ಆಗ ಚಾನ್ಸೆಲರ್ ಆಗಿರಲೇ ಇಲ್ಲ.

ಕೆಲಸ ಸಿಕ್ಕಿದ್ದು ನಿಜ. ಯಾವ ಕೆಲಸ, ಯಾರ ದುಡ್ಡು ಅಂತ ಕೇಳಬೇಕು. 1933ರ ಮೇ 1 ಕಾರ್ಮಿಕರಿಗೆ ಸಂಬಳ ಸಹಿತ ರಜೆ ಅಂತ ಘೋಷಿಸಿ ದೊಡ್ಡ ಮೆರವಣಿಗೆ ಮಾಡಿಸಿದ. ಮೇ 2ಕ್ಕೆ ಎಲ್ಲ ಕಾರ್ಮಿಕ ಸಂಘಗಳ ಕಚೇರಿಗೆ ನುಗ್ಗಿ, ಮುಖಂಡರನ್ನು ಹಿಡಿದು, ಸಂಘದ ಹಣ ಕಿತ್ತುಕೊಂಡರು. ಸಂಬಳ ಹೆಚ್ಚಿಸಿ ಅಂತ ಕೇಳುವ ಬಾಯಿ ಅವತ್ತೇ ಮುಚ್ಚಿತು. 1935ರಲ್ಲಿ ಕಡ್ಡಾಯ ಸೈನ್ಯ ಸೇವೆ ಬಂತು, ಲಕ್ಷಾಂತರ ಹುಡುಗರು ನಿರುದ್ಯೋಗದ ಪಟ್ಟಿಯಿಂದ ಬ್ಯಾರಕ್ಕಿಗೆ ಹೋದರು. ಕಾರ್ಖಾನೆಗಳು ಶಸ್ತ್ರ ಮಾಡಿದವು. ಅದಕ್ಕೆ ದುಡ್ಡು? 'ಮೆಫೋ' ಅಂತ ಹೆಸರಿಗೊಂದು ಕಂಪನಿ ಮಾಡಿ, ಅದರ ಹುಂಡಿಗಳಿಂದ ಶಸ್ತ್ರ ಕಂಪನಿಗಳಿಗೆ ಹಣ ಕೊಟ್ಟರು. ಸರ್ಕಾರದ ಲೆಕ್ಕದಲ್ಲಿ ಆ ಸಾಲ ಕಾಣುತ್ತಿರಲಿಲ್ಲ.

ಸಾಲದ ಗಡುವು ಬರುತ್ತಿತ್ತು. ಕಬ್ಬಿಣದ ಅದಿರು, ರಬ್ಬರು, ಎಣ್ಣೆ ಕೊಳ್ಳಲು ವಿದೇಶಿ ಹಣ ಇಲ್ಲ. 1938ರ ಮಾರ್ಚಿನಲ್ಲಿ ಆಸ್ಟ್ರಿಯಾ ನುಂಗಿದಾಗ ವಿಯೆನ್ನಾದ ಬ್ಯಾಂಕಿನ ಚಿನ್ನ ನೇರ ಬರ್ಲಿನ್‌ಗೆ ಹೋಯಿತು. ರಾಷ್ಟ್ರಸಂಘದಲ್ಲಿ ಇದನ್ನು ಅಧಿಕೃತವಾಗಿ ಪ್ರತಿಭಟಿಸಿದ ದೇಶ ಮೆಕ್ಸಿಕೊ. ಅದಕ್ಕೇ ವಿಯೆನ್ನಾದಲ್ಲಿ ಒಂದು ಚೌಕಕ್ಕೆ ಮೆಕ್ಸಿಕೊ ಹೆಸರಿಟ್ಟಿದ್ದಾರೆ. ಮರುವರ್ಷ ಚೆಕ್ ದೇಶ ಹಿಡಿದಾಗ ಸ್ಕೋಡಾ ಶಸ್ತ್ರ ಕಾರ್ಖಾನೆ ಸಿಕ್ಕಿತು. 1940ರಲ್ಲಿ ಫ್ರಾನ್ಸಿನೊಳಗೆ ನುಗ್ಗಿದ ಜರ್ಮನ್ ಟ್ಯಾಂಕುಗಳಲ್ಲಿ ಎಷ್ಟೋ ಚೆಕ್ ಕಾರ್ಖಾನೆಯವು. ಆ 'ಎಲ್ಲರಿಗೂ ಕೆಲಸ' ನಡೆಯಬೇಕಾದರೆ ಪಕ್ಕದ ಮನೆ ದೋಚುತ್ತಲೇ ಇರಬೇಕಿತ್ತು. ಹಾಸ್ಟೆಲಿನ ಗೆಳೆಯರಿಗೆ ಈ ಲೆಕ್ಕ ತೋರಿಸು ತಮ್ಮಾ.

ಮಲೆನಾಡಿನ ಮೊಮ್ಮಗಳು

ನಮ್ಮ ಅಜ್ಜಿ 'ಬರ್ಮಾ ಅಕ್ಕಿ ನಿಂತ ವರ್ಷ' ಅಂತ ಹೇಳುತ್ತಿದ್ದರು. 1942ರಲ್ಲಿ ಜಪಾನ್ ಬರ್ಮಾ ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. ಸೀಮೆಎಣ್ಣೆ ಸಿಗದೆ ಸಂಜೆಯೇ ಊಟ ಮುಗಿಸಿ ಮಲಗುತ್ತಿದ್ದರಂತೆ. ಅಜ್ಜಿಗೆ ಹಿಟ್ಲರ್ ಯಾರು, ಮಂಚೂರಿಯಾ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಶಿಡ್ಲಘಟ್ಟದ ಅಣ್ಣ ಬರೆದಿದ್ದು ಓದಿದಾಗ ಆ ರೈಲುಹಳಿಯ ಬಾಂಬಿಗೂ ನಮ್ಮ ಅಡುಗೆಮನೆಗೂ ದಾರಿ ಇದೆ ಅಂತ ಕಂಡು ಮೈ ಜುಮ್ಮೆಂದಿತು. ಮೇಷ್ಟ್ರೇ, ಬಾಗಿಲು ತೆರೆದವರ ಕಥೆ ಆಯಿತು. ಬಾಗಿಲು ತೆರೆಯದವರು ಯಾರೂ ಇರಲಿಲ್ವಾ?

ಹೊಳೆದಂಡೆ ಮೇಷ್ಟ್ರು

ಇದ್ದರು ತಾಯಿ.

ಫಿನ್ಲೆಂಡಿನಲ್ಲಿ ಲಾಪುವಾ ಅಂತ ಒಂದು ಚಳವಳಿ ಎದ್ದಿತ್ತು. ಎದುರಾಳಿಗಳನ್ನು ಅಪಹರಿಸುವುದು, ಹೊಡೆಯುವುದು ಅದರ ರೀತಿ. 1932ರ ಫೆಬ್ರವರಿ ಕೊನೆಯಲ್ಲಿ ಮಾಂಟ್ಸಾಲಾ ಊರಿನಲ್ಲಿ ಬಂದೂಕು ಹಿಡಿದು ದಂಗೆ ಎದ್ದರು. ಆಗಿನ ಅಧ್ಯಕ್ಷ ಸ್ವಿನ್‌ಹುಫ್ವುದ್ ಕಟ್ಟಾ ಸಂಪ್ರದಾಯವಾದಿ. ಗೆದ್ದಿದ್ದೇ ಈ ಚಳವಳಿಯ ಬೆಂಬಲದಿಂದ. ಪಾಪೆನ್ ಹಾಗೆ ಲೆಕ್ಕ ಹಾಕಬಹುದಿತ್ತು. ಅವರು ಮಾರ್ಚ್ 2ಕ್ಕೆ ರೇಡಿಯೋದಲ್ಲಿ ಮಾತಾಡಿದರು. ಮನೆಗೆ ಹೋಗಿ, ಹೋದವರಿಗೆ ಶಿಕ್ಷೆ ಇಲ್ಲ, ಮುಖಂಡರಿಗೆ ಮಾತ್ರ ಅಂದರು. ಕೆಲವೇ ದಿನಗಳಲ್ಲಿ ದಂಗೆ ಕರಗಿತು. ಲಾಪುವಾ ಚಳವಳಿಯನ್ನು ನಿಷೇಧಿಸಿದರು.

ಬೆಲ್ಜಿಯಂನಲ್ಲಿ ಡೆಗ್ರೆಲ್ ಅನ್ನುವವನ ರೆಕ್ಸ್ ಪಕ್ಷ 1936ರಲ್ಲಿ 21 ಸೀಟು ಗೆದ್ದಿತ್ತು. 1937ರ ಏಪ್ರಿಲಿನಲ್ಲಿ ಬ್ರಸೆಲ್ಸ್ ಉಪಚುನಾವಣೆಗೆ ತಾನೇ ನಿಂತ. ಎದುರಿಗೆ ಪ್ರಧಾನಿ ಫಾನ್ ಜೀಲಾಂಡ್ ನಿಂತರು. ಕ್ಯಾಥೊಲಿಕರು, ಲಿಬರಲ್‌ಗಳು, ಸಮಾಜವಾದಿಗಳು, ಕಮ್ಯುನಿಸ್ಟರು ಎಲ್ಲರೂ ಜಗಳ ಪಕ್ಕಕ್ಕಿಟ್ಟು ಒಬ್ಬರಿಗೇ ಓಟು ಹಾಕಿದರು. ಚರ್ಚಿನ ಹಿರಿಯರೂ ಡೆಗ್ರೆಲ್ ಬೇಡ ಅಂತ ಬಾಯಿಬಿಟ್ಟು ಹೇಳಿದರು. ಅವನಿಗೆ ಸಿಕ್ಕಿದ್ದು ನೂರಕ್ಕೆ 19 ಮಾತ್ರ. ಪಕ್ಷ ಅಲ್ಲಿಂದ ಏಳಲಿಲ್ಲ. ಈ ಎರಡು ದೇಶಗಳಲ್ಲೂ ಹಿಂಜರಿತ, ನಿರುದ್ಯೋಗ, ಸಿಟ್ಟು ಎಲ್ಲ ಇತ್ತು.

ಬಯಲುಸೀಮೆ

ಇಥಿಯೋಪಿಯಾ ಬಗ್ಗೆ ನೀವು ಬರೆದಿದ್ದಕ್ಕೆ ಒಂದು ಸೇರಿಸುತ್ತೇನೆ. 1941ರ ಮಾರ್ಚಿನಲ್ಲಿ, ಇಥಿಯೋಪಿಯಾ ಪಕ್ಕದ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಇಟಲಿಯ ಸೈನ್ಯವನ್ನು ಮುರಿದವರಲ್ಲಿ 4ನೇ ಮತ್ತು 5ನೇ ಭಾರತೀಯ ಡಿವಿಷನ್‌ಗಳ ಹುಡುಗರಿದ್ದರು. ಮೇ 5ಕ್ಕೆ, ರಾಜಧಾನಿ ಬಿದ್ದು ಸರಿಯಾಗಿ ಐದು ವರ್ಷಕ್ಕೆ, ಹೈಲೆ ಸೆಲಾಸಿ ಅಡಿಸ್ ಅಬಾಬಾಕ್ಕೆ ಮರಳಿದರು. ಸೆರೆ ಸಿಕ್ಕ ಇಟಲಿಯ ಸೈನಿಕರನ್ನು ನಮ್ಮ ಬೆಂಗಳೂರಿನ ಶಿಬಿರಗಳಿಗೂ ತಂದು ಇಟ್ಟಿದ್ದರು. ಸ್ವಾತಂತ್ರ್ಯ ಇಲ್ಲದ ದೇಶದ ಹುಡುಗರು ಇನ್ನೊಂದು ದೇಶಕ್ಕೆ ಸ್ವಾತಂತ್ರ್ಯ ಕೊಡಿಸಿ ಬಂದರು. ಅವರ ಹೆಸರು ನಮಗೆ ಗೊತ್ತಿಲ್ಲ ಅನ್ನೋದು ನನಗೆ ನೋವು.

ಕುತೂಹಲಿ

ಸಾರ್, ಕೊನೇ ಪ್ರಶ್ನೆ. ಪಾಪೆನ್ ಏನಾದರು? ಆ 94 ಜನ ಏನಾದರು?

ಹೊಳೆದಂಡೆ ಮೇಷ್ಟ್ರು

ಪಾಪೆನ್ ಅವರನ್ನು, ಯುದ್ಧ ಮುಗಿದ ಮೇಲೆ ನಾಜಿ ಮುಖಂಡರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ, 1946ರಲ್ಲಿ ಖುಲಾಸೆ ಮಾಡಿದರು. 1969ರವರೆಗೆ ಬದುಕಿದ್ದರು, 89 ವರ್ಷ.

94 ಜನ ಸೋಷಿಯಲ್ ಡೆಮೊಕ್ರಾಟ್ ಪಕ್ಷದವರು. ಗೆದ್ದಿದ್ದು 120 ಜನ. ಉಳಿದವರು ಆಗಲೇ ಜೈಲಿನಲ್ಲಿದ್ದರು, ಇಲ್ಲವೇ ತಲೆಮರೆಸಿಕೊಂಡಿದ್ದರು. ಸಭೆಯ ಬಾಗಿಲಲ್ಲಿ, ಒಳಗಿನ ಗೋಡೆಯುದ್ದಕ್ಕೂ ಸಮವಸ್ತ್ರದ ನಾಜಿ ಪಡೆಯವರು ನಿಂತಿದ್ದರು. ಅವರ ನಡುವೆ ಎದ್ದು ನಿಂತು ವಿರೋಧಿಸಿ ಮಾತಾಡಿದವರು ಪಕ್ಷದ ಅಧ್ಯಕ್ಷ ಓಟೊ ವೆಲ್ಸ್ ಒಬ್ಬರೇ. ನಮ್ಮ ಸ್ವಾತಂತ್ರ್ಯ, ನಮ್ಮ ಜೀವ ಕಸಿದುಕೊಳ್ಳಬಹುದು, ಮಾನ ಕಸಿದುಕೊಳ್ಳಲಾಗದು ಅಂದರು. ಮೂರು ತಿಂಗಳಲ್ಲಿ ಪಕ್ಷವನ್ನೇ ನಿಷೇಧಿಸಿದರು. ವೆಲ್ಸ್ ಮೊದಲು ಪ್ರಾಗ್‌ಗೆ ಹೋದರು. ಅಲ್ಲೂ ಇರಲಾಗದೆ ಪ್ಯಾರಿಸ್‌ಗೆ ಹೋದರು. 1939ರ ಸೆಪ್ಟೆಂಬರ್ 16ಕ್ಕೆ ಅಲ್ಲೇ ತೀರಿಕೊಂಡರು. ಯುದ್ಧ ಶುರುವಾಗಿ ಹದಿನೈದು ದಿನ ಆಗಿತ್ತು.

ಬರ್ಲಿನ್‌ನಲ್ಲೊಬ್ಬ

ಮೇಷ್ಟ್ರೇ, ರೈಶ್‌ಸ್ಟಾಗ್ ಮುಂದೆ ಸಾಲಾಗಿ 96 ಫಲಕ ನಿಲ್ಲಿಸಿದ್ದಾರೆ. ನಾಜಿಗಳು ಕೊಂದ ಸಂಸತ್ ಸದಸ್ಯರ ನೆನಪಿಗೆ. ಒಂದೊಂದರ ಅಂಚಿನಲ್ಲಿ ಹೆಸರು, ಪಕ್ಷ, ಸತ್ತ ಜಾಗ, ದಿನ ಬರೆದಿದೆ. ಬೇರೆ ಬೇರೆ ಪಕ್ಷದವರೂ ಒತ್ತೊತ್ತಾಗಿ ನಿಂತಿದ್ದಾರೆ. ನಾಳೆ ಭಾನುವಾರ, ಮಗಳನ್ನು ಕರೆದುಕೊಂಡು ಹೋಗಿ ಒಂದೊಂದೇ ಓದಿಕೊಂಡು ಬರುತ್ತೇನೆ.